ಹುಣಸೇಮರದಮ್ಮನ ಬಲಗಡೆ

ನೆಲಮಂಗಲ ದಾಟಿ ತುಮಕೂರು ರಸ್ತೆಗೆ ಬಿದ್ದ ಮೇಲೆ, ಗೋಡೌನುಗಳ ಸಾಲು ಮುಗಿಯುವಲ್ಲಿ ಸರ್ವಿಸ್ ರಸ್ತೆಗೆ ಇಳಿದರೆ ಲಾರಿ ಬಾಡಿ ಕಟ್ಟುವ ಶೆಡ್ಡುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಒಂದೊಂದು ಶೆಡ್ಡಿಗೂ ಒಂದೊಂದು ದೇವರು. ಒಂದು ವೆಂಕಟೇಶ್ವರನದು, ಇನ್ನೊಂದು ಮಂಜುನಾಥನದು, ಪಕ್ಕದ್ದು ಶನಿಮಹಾತ್ಮನದು. ಆದಾಯ ಇರುವ ದೇವರುಗಳೆಲ್ಲ ಅಲ್ಲಿ ಬೋರ್ಡು ಹತ್ತಿ ಕೂತಿದ್ದಾರೆ. ಅವರ ನಡುವೆ ‘ಶ್ರೀ ಹುಣಸೇಮರದಮ್ಮ ಫ್ಯಾಬ್ರಿಕೇಷನ್ ವರ್ಕ್ಸ್’ ಎಂಬ ಬೋರ್ಡು ಕಂಡಾಗ ಜ್ಯೋತಿಲಕ್ಷ್ಮಿ ತನ್ನ ಪುಟ್ಟ ಕೆಂಪು ಕಾರಿನ ಬ್ರೇಕು ಒತ್ತಿಬಿಟ್ಟಳು. ಹಿಂದೆ ಬರುತ್ತಿದ್ದ ಗೂಡ್ಸ್ ಆಟೋದವನು ಹಾರ್ನು ಹೊಡೆದು, ಏನೋ ಅಂದು, ಪಕ್ಕದಿಂದ ಹೋದ.

ಹುಣಸೇಮರದಮ್ಮ ಅವಳ ತವರಿನ ದೇವರು. ತ್ಯಾಮಗೊಂಡ್ಲು ಹೋಬಳಿಯ ಒಂದು ಮೂಲೆಯಲ್ಲಿ, ಬೆರಳೆಣಿಕೆಯ ಮನೆಗಳ ಹಳ್ಳಿಯೊಂದರ ಆಚೆ, ರಾಗಿ ಹೊಲದ ಬದುವಿನಲ್ಲಿ ತಲೆ ತಗ್ಗಿಸಿ ನುಗ್ಗಬೇಕಾದ ಗುಡಿ. ಆ ಹಳ್ಳಿ ಬಿಟ್ಟರೆ ಪಕ್ಕದೂರಿನವರೂ ಆಕೆಗೆ ಕೈಮುಗಿಯುವುದಿಲ್ಲ. ಅಂಥ ತಾಯಿ ಹೆದ್ದಾರಿಗೆ ಬಂದು ಬೋರ್ಡು ಹತ್ತಿದ್ದಾಳೆಂದರೆ ಇಲ್ಲಿ ತನ್ನೂರಿನವರೇ ಯಾರೋ ಇರಬೇಕು ಎಂದುಕೊಂಡು ಅವಳು ಕಾರನ್ನು ಒಳಗೆ ತಂದು ನಿಲ್ಲಿಸಿದಳು.

ಮುಂದೆ ಬಂದಿದ್ದ ಗಂಡ ಕೆಂಪರಾಜು ಆಗಲೇ ತನ್ನ ಮನೆಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ, ಸೊಂಟಕ್ಕೆ ಕೈಯಿಟ್ಟು ಅದರ ಹಿಂಭಾಗವನ್ನು ಮೆಚ್ಚಿಕೊಳ್ಳುತ್ತಿದ್ದ. ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತನಾದವನು. ಇಷ್ಟು ವರ್ಷ ರಸ್ತೆ ಹಾಕಿಸಿದ್ದಾಯಿತು, ಇನ್ನು ಅದರ ಮೇಲೆ ಓಡಾಡಿ ನೋಡುತ್ತೇನೆ ಎಂದು ಒಂದು ಮಿನಿ ಬಸ್ಸು ಕೊಂಡು, ಅದರೊಳಗೆ ಮಂಚ, ಒಲೆ, ಫ್ರಿಜ್ಜು, ಬಚ್ಚಲು ಎಲ್ಲ ಕೂರಿಸಿ ಮನೆ ಮಾಡಿಕೊಂಡಿದ್ದ. ಮಗಳು ಕೀರ್ತನ ಮದುವೆಯಾಗಿ ಹಾಸನದಲ್ಲಿದ್ದಾಳೆ. ಇವರಿಬ್ಬರು ಹಂಪಿಯಿಂದ ಶುರುಮಾಡಿ ದಾರಿ ಕರೆದುಕೊಂಡು ಹೋದಷ್ಟು ದೂರ ಹೋಗುವವರು. ವರ್ಷವೋ, ಎರಡು ವರ್ಷವೋ. ಆದರೆ ಆ ಗಾಡಿಯನ್ನು ಊರೊಳಗಿನ ಸಂದಿಗೊಂದಿಗೆ ನುಗ್ಗಿಸುವಂತಿಲ್ಲ. ಕೊತ್ತಂಬರಿ ಸೊಪ್ಪು ಬೇಕೆಂದರೂ ಮನೆಯನ್ನೇ ಸಂತೆಗೆ ಹೊಡೆದುಕೊಂಡು ಹೋಗಬೇಕಾಗುತ್ತದೆ. ಅದಕ್ಕೇ ಹೆಂಡತಿಯ ಕಾರನ್ನು ಮನೆಗಾಡಿಯ ಬಾಲಕ್ಕೆ ಕಟ್ಟಿ ಎಳೆದೊಯ್ಯುವ ಉಪಾಯ. ಕಾರಿನ ಮೂತಿಗೆ ಟೋ ಬಾರ್ ಕೂರಿಸುವವನು ಇಲ್ಲೊಬ್ಬನಿದ್ದಾನೆ ಎಂದು ಯಾರೋ ಲಾರಿ ಮಾಲೀಕರು ಜಾಗ ಹೇಳಿದ್ದರು. ಜಾಗ ಗೊತ್ತಾದರೆ ಸಾಕು, ಹೆಸರು ಕೇಳುವ ಅಭ್ಯಾಸ ಕೆಂಪರಾಜುವಿಗಿಲ್ಲ.

ಹೆಸರು ಗೊತ್ತಿದ್ದರೆ ಅವಳು ಬರುತ್ತಿದ್ದಳೋ ಇಲ್ಲವೋ. ಬರುತ್ತಿದ್ದಳು. ಬೇರೆ ಸೀರೆ ಉಟ್ಟುಕೊಂಡು ಬರುತ್ತಿದ್ದಳು, ಅಷ್ಟೇ.

ಹೆಗಲ ಮೇಲಿನ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ ಶೆಡ್ಡಿನೊಳಗಿಂದ ಬಂದವನು ಕಾಂತರಾಜು. ತಲೆ ಬೆಳ್ಳಗಾಗಿತ್ತು, ಹೊಟ್ಟೆ ಸ್ವಲ್ಪ ಮುಂದೆ ಬಂದಿತ್ತು. ನೆಲ ನೋಡಿಕೊಂಡು ನಡೆಯುವುದು ಮಾತ್ರ ಹಾಗೇ ಇತ್ತು. ತಲೆಯೆತ್ತಿ ಅವಳನ್ನು ಕಂಡವನು ಅಲ್ಲೇ ನಿಂತು, ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ.

“ಚೆನ್ನಾಗಿದೀರಾ?” ಅಂದ.

“ಹೂಂ. ನೀವು?”

“ಇದೀವಿ.” ಆಮೇಲೆ ಕೆಂಪರಾಜುವಿನ ಕಡೆ ತಿರುಗಿ, “ಮೇಡಂ ನಮ್ಮ ಕಡೆಯೋರು ಸಾರ್, ತ್ಯಾಮಗೊಂಡ್ಲು ಕಡೆ. ಒಂದೇ ಬಸ್ಸಲ್ಲಿ ಓಡಾಡ್ತಿದ್ವಿ,” ಅಂದ.

“ಹಂಗಾದ್ರೆ ನೆಂಟ್ರೇ ಆದ್ರಿ ಬಿಡಿ ಗುರು,” ಕೆಂಪರಾಜು ಹಿಗ್ಗಿದ. “ಗಟ್ಟಿಯಾಗಿ ಮಾಡ್ಕೊಡ್ಬೇಕು ನೋಡಿ. ದಾರೀಲಿ ಬಿಚ್ಕೊಂಡ್ರೆ ನಾನೊಂದ್ಕಡೆ, ಹೆಂಡ್ತಿ ಕಾರೊಂದ್ಕಡೆ.”

“ಬಿಚ್ಕೊಳ್ಳಲ್ಲ ಸಾರ್,” ಅಂದ ಕಾಂತರಾಜು.

ಒಂದೇ ಬಸ್ಸು ಅಂದರೆ ಅದರಲ್ಲಿ ಎಲ್ಲವೂ ಬಂತು. ಮೂವತ್ತು ವರ್ಷದ ಹಿಂದೆ ಬೆಳಗಿನ ಹೊತ್ತು ಆ ಕಡೆಯಿಂದ ನೆಲಮಂಗಲಕ್ಕೆ ಬರಲು ಇದ್ದದ್ದು ಒಂದು ಖಾಸಗಿ ಬಸ್ಸು. ಅದು ನಿಲ್ಲುವ ಮೊದಲೇ ಜನ ಪಕ್ಕದಲ್ಲಿ ಓಡುತ್ತ ಕಿಟಕಿಯೊಳಗೆ ಟವೆಲ್ಲೋ ಕರ್ಚೀಫೋ ಎಸೆದು ಸೀಟು ಹಿಡಿಯುತ್ತಿದ್ದರು. ಟವೆಲ್ ಬಿದ್ದ ಸೀಟಿನಲ್ಲಿ ಮಂತ್ರಿ ಬಂದರೂ ಕೂರುವಂತಿಲ್ಲ, ಅದು ಆ ಸೀಮೆಯ ಕಾನೂನು. ಪಕ್ಕದೂರಿನ ಕಾಂತರಾಜು ಲಾರಿ ಗ್ಯಾರೇಜಿಗೆ ಕೆಲಸ ಕಲಿಯಲು ಹೋಗುತ್ತಿದ್ದ, ಜ್ಯೋತಿಲಕ್ಷ್ಮಿ ಹೊಲಿಗೆ ಕ್ಲಾಸಿಗೆ. ಅವನು ಟವೆಲ್ ಎಸೆದು ಸೀಟು ಹಿಡಿಯುವನು. ಅವಳು ಹತ್ತಿ ಬಂದ ಕೂಡಲೇ ಟವೆಲ್ ಎತ್ತಿಕೊಂಡು ಹಿಂದಕ್ಕೆ ಹೋಗಿ ಕಂಬಿ ಹಿಡಿದು ನಿಲ್ಲುವನು. ಮಾತಿಲ್ಲ ಕತೆಯಿಲ್ಲ. ಕೂತ ಮೇಲೆ ಸೀಟಿನಲ್ಲಿ ಬಾರ್ ಸೋಪಿನ ವಾಸನೆ, ಅದರಡಿಯಲ್ಲಿ ಹೋಗದ ಗ್ರೀಸಿನ ವಾಸನೆ. ಅವಳಿಗೆ ಅಷ್ಟೇ ಸಾಕಾಗಿತ್ತು.

ಕೊನೆಗೆ ಅವನ ತಾಯಿ ಲಕ್ಕಮ್ಮ ಹಣ್ಣುಕಾಯಿ ಹಿಡಿದು ಹೆಣ್ಣು ಕೇಳಲು ಬಂದಳು. ಕುಲ ಒಂದೇ, ಹೊಲವೂ ಹೆಚ್ಚುಕಮ್ಮಿ ಅಷ್ಟಷ್ಟೇ. ಜ್ಯೋತಿಲಕ್ಷ್ಮಿಯ ಅಪ್ಪ ಮುನಿವೆಂಕಟಪ್ಪ ಬೇಡ ಅನ್ನಲಿಲ್ಲ. ಅಮ್ಮನ ಹತ್ತಿರ ಹೂ ಕೇಳಿಬಿಡೋಣ ಅಂದ. ಎತ್ತು ಕೊಳ್ಳುವುದಕ್ಕೂ ಹೂ ಕೇಳುತ್ತಿದ್ದವನು ಮಗಳ ಮದುವೆಗೆ ಕೇಳದೆ ಇರುತ್ತಾನೆಯೇ. ದೇವಿಯ ಎರಡೂ ಭುಜಕ್ಕೆ ನೀರಿನಲ್ಲಿ ಅದ್ದಿದ ಹೂ ಅಂಟಿಸಿ ಕಾಯುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ಎಡಗಡೆಯದು ಬಿತ್ತು. ಮಾರನೆಯ ವಾರದಿಂದ ಕಾಂತರಾಜು ಆ ಬಸ್ಸು ಹತ್ತುವುದನ್ನೇ ಬಿಟ್ಟ.

ಹಾಗಿದ್ದ ಮೇಲೆ, ಬೇಡ ಅಂದ ದೇವರ ಹೆಸರನ್ನು ಅಂಗಡಿಗೆ ಯಾಕಿಟ್ಟ? ಪಕ್ಕದೂರಿನವನಿಗೆ ಆಕೆ ಮನೆದೇವರೂ ಅಲ್ಲ. ಇದನ್ನೊಂದು ಕೇಳಬೇಕು ಅನ್ನುವ ಆಸೆ ಅವಳಿಗೆ ಬೋರ್ಡು ಕಂಡ ಗಳಿಗೆಯಿಂದ ಹತ್ತಿಕೊಂಡಿತ್ತು. ಇವತ್ತು ಗಾಡಿ ಹೊರಟರೆ ಮತ್ತೆ ಈ ಕಡೆ ಬರುವುದು ಯಾವ ಕಾಲಕ್ಕೋ. ಕೇಳಿದರೆ ಇವತ್ತೇ ಕೇಳಬೇಕು, ಗಂಡನ ಕಿವಿಗೆ ಬೀಳದ ಹಾಗೆ ಕೇಳಬೇಕು.

ಕೆಂಪರಾಜುವಿನ ಕಿವಿಗೆ ಏನಾದರೂ ಬೀಳಬೇಕಾದರೆ ಅವನ ಬಾಯಿ ನಿಲ್ಲಬೇಕು. ಅವನು ಫೋನಿನಲ್ಲಿ ವಿಡಿಯೋ ತೋರಿಸಿ, ಅಮೆರಿಕದಲ್ಲಿ ಹೀಗೆ ಕಟ್ಟುತ್ತಾರೆ, ಆಸ್ಟ್ರೇಲಿಯಾದಲ್ಲಿ ಹಾಗೆ ಕಟ್ಟುತ್ತಾರೆ ಅನ್ನುತ್ತಿದ್ದ. ಕಾಂತರಾಜು ಕೇಳಿಸಿಕೊಂಡು, ಹೌದಾ ಸಾರ್ ಅನ್ನುತ್ತ, ಕಾರಿನ ಮುಂದಿನ ಬಂಪರ್ ಬಿಚ್ಚಿ ಪಕ್ಕಕ್ಕಿಟ್ಟ. ಕಾರಿನ ಹಲ್ಲು ಕಿತ್ತ ಹಾಗೆ ಕಂಡಿತು ಅವಳಿಗೆ. ಒಳಗಿನ ಚಾಸಿಗೆ ದಪ್ಪ ಕಬ್ಬಿಣದ ಪಟ್ಟಿ ಕೂರಿಸಿ ಬೋಲ್ಟು ಹಾಕಿದ. ಮನೆಗಾಡಿಯ ಹಿಂದೆ ಉಂಡೆಯಾಕಾರದ ಕೊಕ್ಕೆ ಕೂರಿಸಿದ. ಎರಡರ ನಡುವೆ ಬರುವ ಬಾರನ್ನು ಅಲ್ಲೇ ಅಳತೆ ನೋಡಿ ಕುಯ್ದು, ಬೆಸುಗೆ ಹಾಕಲು ಕೂತ.

“ಈ ಕಡೆ ನೋಡ್ಬೇಡಿ,” ಅಂದ ಅವಳಿಗೆ. “ಕಣ್ಣಿಗೆ ಒಳ್ಳೇದಲ್ಲ.”

ಅವಳು ಗೋಡೆಯ ಕಡೆ ತಿರುಗಿ ಕುರ್ಚಿ ಹಾಕಿಕೊಂಡಳು. ಬೆಸುಗೆಯ ಬೆಳಕಿಗೆ ಗೋಡೆಯ ಮೇಲೆ ಅವನ ನೆರಳು ದೊಡ್ಡದಾಗಿ ಬಿದ್ದು ಬಿದ್ದು ಹೋಗುತ್ತಿತ್ತು. ನೆರಳನ್ನು ನೋಡಬೇಡಿ ಅಂತ ಯಾರೂ ಹೇಳಿರಲಿಲ್ಲ, ಅದನ್ನೇ ನೋಡುತ್ತ ಕೂತಳು. ಕೆಂಪರಾಜು ಕೆಟ್ಟವನಲ್ಲ. ಜ್ವರ ಬಂದರೆ ಗಂಜಿ ಕಾಯಿಸಿ ಕೊಡುವ ಗಂಡ, ಐವತ್ತು ತುಂಬಿದ ಹೆಂಡತಿಗೆ ಕಾರು ಕಲಿಸಿದ ಗಂಡ. ಅವನ ಜೊತೆ ಅವಳು ನಕ್ಕಿದ್ದಾಳೆ, ಜಗಳವಾಡಿದ್ದಾಳೆ, ಬದುಕಿದ್ದಾಳೆ. ಆದರೂ ಬಸ್ಸು ಹತ್ತುವಾಗ ಕಿಟಕಿಯ ಸೀಟು ಖಾಲಿ ಕಂಡರೆ ಇವತ್ತಿಗೂ ಮನಸ್ಸು ಒಂದು ಗಳಿಗೆ ಟವೆಲ್ ಹುಡುಕುತ್ತದೆ. ಅದಕ್ಕೆ ಅವಳೇನು ಮಾಡಲಿ.

ಬಿಸಿಲು ಇಳಿಯುವ ಹೊತ್ತಿಗೆ ಬಾರು ಕೂತಿತು, ಬಂಪರು ಮತ್ತೆ ಹತ್ತಿತು, ಜೊತೆಗೆ ಎರಡು ಸರಪಳಿಯೂ ಬಿತ್ತು. ಕಾಂತರಾಜು ಅವಳನ್ನು ಕರೆದು ಕಾರಿನೊಳಗೆ ಕೂರಿಸಿ, ಕಿಟಕಿಯಿಂದ ಬಗ್ಗಿ ತೋರಿಸಿದ.

“ನೋಡಿ, ಎಳ್ಕೊಂಡ್ ಹೋಗುವಾಗ ಗೇರು ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಬಿಟ್ಟಿರ್ಬೇಕು. ಮುಖ್ಯ ಅಂದ್ರೆ ಕೀ. ಕೀ ಇಲ್ಲೇ ಇರ್ಬೇಕು, ಒಂದು ಸುತ್ತು ತಿರುಗಿಸಿಟ್ಟಿರ್ಬೇಕು. ತೆಗೆದ್ರೆ ಸ್ಟೇರಿಂಗ್ ಲಾಕ್ ಆಗೋಗುತ್ತೆ. ಮುಂದಿನ ಗಾಡಿ ತಿರುಗಿದ್ರೂ ಇದು ತಿರುಗಲ್ಲ, ಟೈರು ಉಜ್ಜೋಗ್ತವೆ.”

“ಆಯ್ತು,” ಅಂದಳು. ಗಾಜು ಇಳಿದಿದ್ದ ಕಿಟಕಿಯ ಆಚೆ ಅವನ ಹೆಗಲ ಟವೆಲ್ಲು ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಅದು ಬಿಳಿ ಟವೆಲ್, ಅಂಚಿಗೆ ನೀಲಿ ಗೆರೆ. ಹೇಳಿದ್ದರಲ್ಲಿ ಅರ್ಧ ಅವಳ ತಲೆಗೆ ಹೋಗಲಿಲ್ಲ.

ಉಳಿದದ್ದು ದೀಪದ ಕೆಲಸ. ಮನೆಗಾಡಿಯ ಇಂಡಿಕೇಟರ್ ಯಾವ ಕಡೆ ಹಾಕಿದರೆ ಹಿಂದಿನ ಕಾರಿನಲ್ಲೂ ಅದೇ ಕಡೆ ಮಿನುಗಬೇಕು, ಇಲ್ಲದಿದ್ದರೆ ಹಿಂದೆ ಬರುವ ಲಾರಿಯವನಿಗೆ ಇದು ಯಾವ ಕಡೆ ಹೊರಳುತ್ತದೆಂದು ತಿಳಿಯುವುದಿಲ್ಲ. ಕಾಂತರಾಜು ಎರಡು ಗಾಡಿಯ ನಡುವೆ ಕೂತು ವೈರು ಜೋಡಿಸಿದ. ಕೆಂಪರಾಜು ಹೋಗಿ ಡ್ರೈವರ್ ಸೀಟಿನಲ್ಲಿ ಕೂತ. ಜ್ಯೋತಿಲಕ್ಷ್ಮಿ ಕಾರಿನ ಬೆನ್ನ ಹಿಂದೆ ನಿಂತಳು.

“ಬಲ ಹಾಕಿದೀನಿ, ನೋಡೇ ಜ್ಯೋತಿ,” ಎಂದು ಕೆಂಪರಾಜು ಕೂಗಿದ.

“ಎಡ ಹೊಡ್ಕೋತಿದೆ,” ಅಂದಳು ಅವಳು.

ಎರಡು ಗಾಡಿಯ ನಡುವೆ, ಕಾರಿನ ಕಡೆ ಮುಖ ಮಾಡಿ ನಿಂತಿದ್ದ ಕಾಂತರಾಜು ಬಗ್ಗಿ ನೋಡಿದ. “ಇಲ್ವಲ್ಲ ಮೇಡಂ. ಬಲಾನೇ.”

“ಎಡ ಕಣ್ರೀ. ನನ್ನ ಕಣ್ಣೆದುರಿಗೇ ಇದೆ.”

“ನನ್ನ ಕಣ್ಣೆದುರಿಗೂ ಇದೆ. ಬಲ.”

ಒಂದೇ ಕಾರಿನ ಆ ತುದಿಗೆ ಅವನು, ಈ ತುದಿಗೆ ಅವಳು. ದೀಪ ಮಾತ್ರ ಯಾರ ಹಂಗೂ ಇಲ್ಲದೆ ಟಿಕ್ ಟಿಕ್ ಎಂದು ಹೊಡೆದುಕೊಳ್ಳುತ್ತಿತ್ತು. ಆಮೇಲೆ ಕಾಂತರಾಜು ಹಣೆಗೆ ಕೈ ಹಚ್ಚಿಕೊಂಡು ನಕ್ಕ.

“ಅಯ್ಯೋ ನನ್ನ. ಎದುರಿಗೆ ನಿಂತಿದ್ದೆ ನೋಡಿ, ನನ್ನ ಬಲಗೈ ಕಡೇನ ಕಾರಿನ ಬಲ ಅಂದ್ಕೊಂಡು ವೈರ್ ಕೊಟ್ಬಿಟ್ಟಿದೀನಿ. ಎದುರಿಗೆ ನಿಂತ್ರೆ ನಮ್ಮ ಬಲ ಅದರ ಎಡ. ಅದಕ್ಕೇ ನಾವು ಎಡ ಬಲ ಅನ್ನಲ್ಲ, ಡ್ರೈವರ್ ಸೈಡು, ಕ್ಲೀನರ್ ಸೈಡು ಅಂತೀವಿ. ಇಷ್ಟು ವರ್ಷಕ್ಕೆ ಇವತ್ತು ಯಾಕೋ ಯಾಮಾರಿದೆ.”

ಕೆಂಪರಾಜುವೂ ನಕ್ಕ. ಜ್ಯೋತಿಲಕ್ಷ್ಮಿ ನಗಲಿಲ್ಲ. ಕಾರಿನ ಡಿಕ್ಕಿಯ ಮೇಲೆ ಕೈಯೂರಿ ನಿಂತವಳು ನಿಂತೇ ಇದ್ದಳು.

ಆವತ್ತು ಹೂ ಬಿದ್ದದ್ದನ್ನು ನೋಡಿದವಳು ಅವಳು. ಅವಳೊಬ್ಬಳೇ. ಪೂಜಾರಿ ಅಪ್ಪಯ್ಯಣ್ಣ ದೇವಿಯ ಎರಡು ಭುಜಕ್ಕೂ ಕಣಗಿಲೆ ಹೂ ಅಂಟಿಸಿದ್ದ, ಮುನಿವೆಂಕಟಪ್ಪ ಕೈಮುಗಿದು ಕೂತಿದ್ದ. ಎಷ್ಟು ಹೊತ್ತಾದರೂ ಹೂ ಅಲುಗಲಿಲ್ಲ. ಅಷ್ಟರಲ್ಲಿ ಕರೆಂಟು ಬಂತೆಂದು ಹೊಲದ ಕಡೆಯಿಂದ ಯಾರೋ ಕೂಗಿದರು. ಆ ಕಾಲದಲ್ಲಿ ತ್ರೀಫೇಸ್ ಕರೆಂಟು ಬರುವುದು ಅಳಿಯ ಬಂದ ಹಾಗೆ. ಯಾವಾಗ ಬರುತ್ತದೆಂದು ಗೊತ್ತಿಲ್ಲ, ಬಂದಾಗ ಎದ್ದು ಓಡದಿದ್ದರೆ ಮರ್ಯಾದೆಯಿಲ್ಲ. ಮೋಟರ್ ಹಾಕಲು ಅಪ್ಪ ಒಂದು ಕಡೆ ಓಡಿದ, ಪೂಜಾರಿ ಇನ್ನೊಂದು ಕಡೆ ಓಡಿದ. ಓಡುತ್ತ ಅಪ್ಪ, “ನೀನು ನೋಡ್ತಿರು ಮಗ, ಯಾವ ಕಡೇದು ಬೀಳುತ್ತೆ ಬಂದ್ ಹೇಳು,” ಅಂದಿದ್ದ.

ಅವಳು ದೇವಿಯ ಎದುರಿಗೆ ನೋಡುತ್ತ ನಿಂತಳು. ತಾಯಿ, ಬಲಗಡೆ ಕೊಡು, ಬಲಗಡೆ ಕೊಡು ಎಂದು ಬೇಡಿಕೊಂಡಳು. ಬೇಡುತ್ತಿದ್ದ ಹಾಗೇ ಅವಳ ಎಡಗೈ ಕಡೆಯ ಹೂ ಜಾರಿ ಬಿತ್ತು. ಅವಳು ಅದನ್ನು ಮುಟ್ಟಲೂ ಇಲ್ಲ. ಅಳುತ್ತ ಹೊಲಕ್ಕೆ ಓಡಿ, ಎಡಗಡೇದು ಬಿತ್ತಪ್ಪ ಅಂದಳು. ಹುಟ್ಟಿದಾಗಿನಿಂದ ಬಲಗಡೆ ಹೂವಾಯಿತು, ಎಡಗಡೆ ಹೂವಾಯಿತು ಎಂದು ಕೇಳಿದ್ದಳೇ ಹೊರತು, ಯಾರ ಬಲ ಯಾರ ಎಡ ಎಂದು ಒಬ್ಬರೂ ಬಿಡಿಸಿ ಹೇಳಿರಲಿಲ್ಲ. ಗೊತ್ತಿರುವವರಿಗೆ ಅದು ಹೇಳುವ ಮಾತೇ ಅಲ್ಲ. ದೇವರಿಗೆ ಡ್ರೈವರ್ ಸೈಡು ಕ್ಲೀನರ್ ಸೈಡು ಇರುವುದಿಲ್ಲವಲ್ಲ. ಮಾರನೆಯ ವರ್ಷ ಕೆಂಪರಾಜುವಿನ ಸಂಬಂಧಕ್ಕೆ ಹೂ ಕೇಳಿದಾಗ ಕರೆಂಟು ಇರಲಿಲ್ಲ. ಅಪ್ಪ ಗುಡಿಯಲ್ಲೇ ಕೂತು ಕಣ್ಣಾರೆ ನೋಡಿ ಹೂಂ ಅಂದ. ಅವಳು ಆವತ್ತು ಗುಡಿಗೇ ಹೋಗಿರಲಿಲ್ಲ.

ತಾಯಿ ಕೊಟ್ಟಿದ್ದಳು. ಕೇಳಿದ ಕೂಡಲೇ ಕೊಟ್ಟಿದ್ದಳು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿಯದೂ ತಪ್ಪಿಲ್ಲ. ಕೊಟ್ಟದ್ದನ್ನು ತೆಗೆದುಕೊಳ್ಳಲು ಬಾರದೆ ಹೋದವಳು ಅವಳೇ. ಜ್ಯೋತಿಲಕ್ಷ್ಮಿ ಕುರ್ಚಿಗೆ ಬಂದು ಕೂತಳು. ಅವನಿಗೆ ಹೇಳಬೇಕೋ ಬೇಡವೋ? ಹೇಳಿದರೆ ಹೋದದ್ದೇನೂ ಬರುವುದಿಲ್ಲ. ಹೇಳದಿದ್ದರೆ ಇದನ್ನು ಹೊತ್ತುಕೊಂಡು ಹಂಪಿ ನೋಡಬೇಕು, ಸಮುದ್ರ ನೋಡಬೇಕು, ಸಾಯುವವರೆಗೆ ನೋಡಿದ್ದನ್ನೆಲ್ಲ ಇದರ ಜೊತೆಗೇ ನೋಡಬೇಕು.

“ರೀ, ನಿಂಬೆಹಣ್ಣು ತಂದಿಲ್ಲ,” ಅಂದಳು ಗಂಡನಿಗೆ. “ಚಕ್ರಕ್ಕೆ ಇಡ್ದೆ ಹೊರಡೋದಾ?”

“ಎಂಟು ಚಕ್ರ ಇದಾವಲ್ಲೇ. ಹಿಂದಿನವೂ ಲೆಕ್ಕಕ್ಕೆ ಬರ್ತಾವಾ?” ಅನ್ನುತ್ತ ಕೆಂಪರಾಜು ಚಪ್ಪಲಿ ಮೆಟ್ಟಿ ರಸ್ತೆಯ ಆಚೆಗಿನ ಅಂಗಡಿಗೆ ಹೊರಟ.

ಕಾಂತರಾಜು ವೈರು ಬಿಚ್ಚಿ ಅದಲುಬದಲು ಮಾಡುತ್ತಿದ್ದ. ಅವಳು ಎದ್ದು ಹೋಗಿ ಹತ್ತಿರ ನಿಂತಳು.

“ಅಂಗಡಿಗೆ ನಮ್ಮೂರಮ್ಮನ ಹೆಸರಿಟ್ಟಿದೀರಿ.”

“ಹೂಂ.”

“ಯಾಕೆ?”

ಅವನು ವೈರಿಗೆ ಟೇಪು ಸುತ್ತತೊಡಗಿದ. “ಹೂ ಕೊಟ್ಟ ತಾಯಿ. ಹೆಂಗೆ ಮರೆಯೋದು?”

“ಎಡ ಬಿತ್ತು ಅಂತ ತಾನೆ ನಾವು ಹೇಳ್ಕಳಿಸಿದ್ದು?”

“ನೀವು ಹೇಳ್ಕಳಿಸಿದ್ರಿ. ಆದ್ರೆ ಅಪ್ಪಯ್ಯಣ್ಣ ಮೋಟರ್ ಹಾಕಿ ವಾಪಸ್ ಬಂದು ನೋ‌ಡ್ದಾಗ ಹೂವು ಅಮ್ಮನ ಬಲಪಾದದ ಹತ್ರ ಬಿದ್ದಿತ್ತಂತೆ. ಎಡಗಡೇದು ಇನ್ನೂ ಭುಜದ ಮೇಲೇ ಇತ್ತಂತೆ. ಸಂತೇಲಿ ನಮ್ಮವ್ವ ಸಿಕ್ಕಾಗ, ಏನಮ್ಮ ಲಕ್ಕಮ್ಮ, ಒಬ್ಬಟ್ಟು ಯಾವಾಗ ಹಾಕಿಸ್ತೀಯ ಅಂದ್ನಂತೆ. ನಮ್ಮವ್ವ ಉರ್ಕೊಂಡು ಬಂದ್ಲು, ಮುನಿವೆಂಕಟಪ್ಪನ್ನ ಕೇಳೇ ಬಿಡ್ತೀನಿ ಅಂತ ಹೊರಟಿದ್ಲು. ನಾನೇ ತಡೆದೆ.”

“ಯಾಕೆ ತಡೆದ್ರಿ?”

“ಹೂವ ನೋಡ್ದೋರು ನೀವೊಬ್ಬರೇ ಅಂತ ಗೊತ್ತಾಯ್ತಲ್ಲ.” ಅವನು ಟೇಪನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದ. “ನಿಮಗೆ ಇಷ್ಟ ಇರ್ಲಿಲ್ಲ, ಬಾಯ್ಬಿಟ್ಟು ಹೇಳಕ್ಕಾಗ್ಲಿಲ್ಲ, ದೇವ್ರ ಮೇಲೆ ಹಾಕಿದ್ರಿ. ಹೆಣ್ಮಕ್ಕಳಿಗೆ ಆಗ ಬೇರೆ ದಾರಿ ಏನಿತ್ತು ಹೇಳಿ. ನಿಮ್ಮಪ್ಪಂಗೆ ಗೊತ್ತಾದ್ರೆ ನಿಮಗೆ ಏಟು ಬೀಳುತ್ತೆ ಅಂತ ಅಪ್ಪಯ್ಯಣ್ಣನ ಕಾಲ್ಹಿಡ್ಕೊಂಡು ಬಾಯಿ ಮುಚ್ಚಿಸ್ದೆ. ಬಸ್ಸಲ್ಲಿ ದಿನಾ ಟವೆಲ್ ಹಾಕ್ತಿದ್ದಿದ್ದು ನಿಮಗೆ ಕಿರಿಕಿರಿ ಆಗಿತ್ತೇನೋ, ನನಗೇ ತಿಳೀಲಿಲ್ಲ ಅನ್ಕೊಂಡು ಆ ಬಸ್ಸೂ ಬಿಟ್ಟೆ. ನಿಮ್ಮ ಮೇಲೆ ಬೇಜಾರಿಲ್ಲ. ಆವತ್ತೂ ಇರ್ಲಿಲ್ಲ. ಮನುಷ್ಯರು ಬೇಡ ಅಂದ್ರೂ ಆ ತಾಯಿ ಹೂಂ ಅಂದಿದ್ಲಲ್ಲ ಅಂತ ಅವಳ ಹೆಸ್ರು ಇಟ್ಕೊಂಡೆ. ಕೈ ಬಿಟ್ಟಿಲ್ಲ ನೋಡಿ. ಹೆಂಡ್ತಿ ಮಕ್ಕಳು ಚೆನ್ನಾಗಿದಾರೆ, ಶೆಡ್ಡು ನಡೀತಿದೆ.”

ಮೂವತ್ತು ವರ್ಷ ಅವಳು ದೇವರು ಒಲ್ಲೆ ಅಂದಳೆಂದು ಕೊರಗಿದ್ದಳು. ಇವನು ಅವಳೇ ಒಲ್ಲೆ ಅಂದಳೆಂದು ಕೊರಗಿದ್ದ. ಅವಳದಕ್ಕಿಂತ ಇವನದೇ ಭಾರ, ಅದನ್ನು ಹೊತ್ತುಕೊಂಡೂ ಅವಳಿಗೆ ಏಟು ಬೀಳದ ಹಾಗೆ ನೋಡಿಕೊಂಡಿದ್ದ. ಇಲ್ಲ, ಹಾಗಲ್ಲ ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಕೆಂಪರಾಜು ನಿಂಬೆಹಣ್ಣಿನ ಚೀಲ ಕುಣಿಸುತ್ತ ಬಂದುಬಿಟ್ಟ. ಜೊತೆಗೆ ಮೊಳ ಮಲ್ಲಿಗೆ, ಒಂದು ಬೂದುಗುಂಬಳಕಾಯಿಯನ್ನೂ ತಂದಿದ್ದ.

ದೀಪ ಈ ಸಲ ಸರಿಯಾಗಿ ಹೊತ್ತಿತು. ಬಲ ಹಾಕಿದರೆ ಬಲ, ಎಡ ಹಾಕಿದರೆ ಎಡ. ಕಾಂತರಾಜುವೇ ಕರ್ಪೂರ ಹಚ್ಚಿ, ಕುಂಬಳಕಾಯಿ ಇಳಿತೆಗೆದು ಒಡೆದ. ಎಂಟು ಚಕ್ರಕ್ಕೂ ನಿಂಬೆಹಣ್ಣು ಬಿತ್ತು. ಕೆಂಪರಾಜು ಕೈಕುಲುಕಿ, ಊರಿಗೆ ವಾಪಸ್ ಬಂದಾಗ ಮನೆಗೆ ಬರಬೇಕು ಗುರು ಎಂದು ಹೇಳಿ ಸ್ಟೇರಿಂಗ್ ಹಿಡಿದ. ದಾರಿಯಲ್ಲಿ ಕಾರಿನ ಮೇಲೆ ಕಣ್ಣಿಡುತ್ತೇನೆಂದು ಜ್ಯೋತಿಲಕ್ಷ್ಮಿ ಗಾಡಿಯ ಹಿಂಬದಿಯ ಮಂಚದ ಮೇಲೆ, ಹಿಂದಿನ ಕಿಟಕಿಯ ಹತ್ತಿರ ಕೂತಳು. ಎಂಜಿನ್ ಗುರುಗುಟ್ಟಿತು. ಎಲ್ಲ ಮುಗಿಯಿತು, ಇನ್ನು ಹೇಳುವಂತಿಲ್ಲ ಎಂದುಕೊಂಡು ಅವಳು ಕಣ್ಣೊರೆಸಲು ಬ್ಯಾಗಿನಿಂದ ಕರ್ಚೀಫು ತೆಗೆದಳು. ಅದರ ಜೊತೆ ಕಾರಿನ ಕೀ ಬಂತು.

ಇಳಿಯುವಾಗ ಕೀ ತೆಗೆದು ಬ್ಯಾಗಿಗೆ ಹಾಕಿಕೊಳ್ಳುವ ಅಭ್ಯಾಸ. ಅಷ್ಟು ಹೇಳಿದ್ದರೂ ಕೈ ತನ್ನ ಕೆಲಸ ತಾನು ಮಾಡಿತ್ತು.

“ರೀ, ನಿಲ್ಸಿ. ಕೀ,” ಎಂದು ಕೂಗಿ ಅವಳು ಇಳಿದು ಓಡಿದಳು. ಕಾಂತರಾಜು ಬಂದು ಕಾರಿನ ಬಾಗಿಲು ತೆಗೆದ. ಅವಳು ಕೂತು ಕೀ ಹಾಕಿ ಒಂದು ಸುತ್ತು ತಿರುಗಿಸಿದಳು. ಅವನು ಒಳಗೆ ಕೈ ಹಾಕಿ ಸ್ಟೇರಿಂಗ್ ಅಲುಗಾಡಿಸಿ, ಸಡಿಲವಾಯಿತೆಂದು ನೋಡಿ, ಈಗ ಸರಿ ಅಂದ.

“ಕಾಂತರಾಜು,” ಅಂದಳು ಅವಳು, ಮುಂದಿನ ಗಾಜನ್ನೇ ನೋಡುತ್ತ. “ನಾನು ಎದುರಿಗೆ ನಿಂತಿದ್ದೆ.”

“ಏನು?”

“ಆವತ್ತು ಗುಡೀಲಿ. ಅಮ್ಮನ ಎದುರಿಗೆ ಇದ್ದೆ. ನನ್ನ ಎಡಗೈ ಕಡೇದು ಬಿತ್ತು. ಎಡ ಅಂತ ಹೇಳ್ಬಿಟ್ಟೆ. ಇವತ್ತು ನೀವು ವೈರ್ ತಪ್ಪು ಕೊಡೋವರೆಗೂ ನನಗೆ ಗೊತ್ತಿರ್ಲಿಲ್ಲ.” ಅವಳು ಇಳಿದು ಬಾಗಿಲು ಹಾಕಿ ಅವನನ್ನು ನೋಡಿದಳು. “ನನಗೆ ಇಷ್ಟ ಇತ್ತು. ದಿನಾ ಆ ಬಸ್ಸಿಗೇ ಕಾಯ್ತಿದ್ದೆ.”

ಅವನ ಕೈ ಹೆಗಲ ಮೇಲಿನ ಟವೆಲಿಗೆ ಹೋಗಿ ಅಲ್ಲೇ ಉಳಿಯಿತು. ಕೆಂಪರಾಜು ಹಾರ್ನು ಹೊಡೆದ. ಅವಳು ಹೋಗಿ ಗಾಡಿ ಹತ್ತಿದಳು.

ಮನೆಗಾಡಿ ನಿಧಾನವಾಗಿ ಅಂಗಳದಿಂದ ಹೊರಳಿತು. ಹಿಂದಿನ ಕಿಟಕಿಯಲ್ಲಿ ಅವಳಿಗೆ ತನ್ನ ಕೆಂಪು ಕಾರು ಕಾಣುತ್ತಿತ್ತು. ಒಳಗೆ ಯಾರೂ ಇಲ್ಲ, ಸ್ಟೇರಿಂಗ್ ತಾನೇ ತಿರುಗುತ್ತಿತ್ತು, ಹೇಳಿದ ಮಾತು ಕೇಳುವ ಹಸುವಿನ ಹಾಗೆ ಹಿಂದೆ ಬರುತ್ತಿತ್ತು. ಕಾಂತರಾಜು ಅಷ್ಟರಲ್ಲಿ ಬೋರ್ಡಿನ ಕೆಳಗೆ ಹೋಗಿ ನಿಂತಿದ್ದ. ಕಾರು ಅವನ ಪಕ್ಕಕ್ಕೆ ಬಂತು, ಅವನನ್ನು ದಾಟಿತು. ಆಗ ಅವನು ಓಡಿದ. ಬೆಳ್ಳನೆಯ ತಲೆ, ಮುಂದೆ ಬಂದ ಹೊಟ್ಟೆ, ಎಲ್ಲವನ್ನೂ ಹೊತ್ತುಕೊಂಡು ಕಾರಿನ ಪಕ್ಕದಲ್ಲಿ ಓಡುತ್ತ, ಹೆಗಲ ಮೇಲಿನ ಟವೆಲ್ ಎಳೆದು, ಇಳಿದಿದ್ದ ಗಾಜಿನ ಸಂದಿಯಿಂದ ಒಳಗೆ ಎಸೆದ. ಎಸೆದು ನಿಂತುಬಿಟ್ಟ. ಸರ್ವಿಸ್ ರಸ್ತೆ ತಿರುಗುವವರೆಗೂ ಅವಳಿಗೆ ಅವನು ಕಾಣುತ್ತಿದ್ದ.

ದಾಬಸ್‌ಪೇಟೆಯ ಹತ್ತಿರ ಕೆಂಪರಾಜು ಕಾಫಿಗೆ ನಿಲ್ಲಿಸಿದ. ಕೊಕ್ಕೆ ಸರಪಳಿ ಎಲ್ಲ ಸರಿಯಾಗಿದೆಯೇ ಎಂದು ಒಂದು ಸುತ್ತು ನೋಡಿ, ಕಾರಿನೊಳಗೆ ಬಗ್ಗಿದ.

“ಪಾಪ, ಅವ್ರ ಟವೆಲ್ ಇಲ್ಲೇ ಬಿದ್ದಿದೆ ನೋಡೇ. ಎತ್ತಿ ಒಳಗಿಡ್ಲಾ?”

“ಬೇಡ, ಹಂಗೇ ಇರ್ಲಿ ಬಿಡಿ,” ಅಂದಳು ಜ್ಯೋತಿಲಕ್ಷ್ಮಿ. “ಸೀಟು ಹಿಡಿದಿದಾರೆ.”

ಅವನಿಗೆ ಏನೂ ಅರ್ಥವಾಗಲಿಲ್ಲ. ಅವಳು ಬಂದು, ಟವೆಲ್ ಗಾಳಿಗೆ ಹಾರಿ ಹೋಗದ ಹಾಗೆ ಕಿಟಕಿಯ ಗಾಜು ಏರಿಸಿದಳು.